ಸೂಟ್‌ಕೇಸ್ ಕಿಕ್, ಕೀಗೊಂಚಲ ಹೈ-ಹ್ಯಾಟ್

ರೆಡಿಮೇಡ್ ಡ್ರಮ್ ಶಬ್ದಗಳ ಫೋಲ್ಡರ್ ತೆರೆದು ಕೂತರೆ ನನಗೆ ಒಂಥರಾ ಸುಸ್ತು. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು) ಅಂತ ಹುಡುಕಿದರೆ ರಾಶಿ ರಾಶಿ ಫೈಲು. ಒಂದನ್ನು ಕೇಳಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಹೇಗಿತ್ತು ಅನ್ನೋದೇ ಮರೆತಿರುತ್ತದೆ. ಎಲ್ಲವೂ ಚೆನ್ನಾಗಿಯೇ ಇರುತ್ತವೆ, ಅದೇ ತೊಂದರೆ. ಹಾಗಾಗಿ ಒಂದು ರಜೆಯ ದಿನ ಆ ಫೋಲ್ಡರನ್ನು ಮುಟ್ಟಲೇಬಾರದು ಅಂತ ಹಟ ಹಿಡಿದೆ. ಕೋಣೆಯಲ್ಲಿ ಕೈಗೆ ಸಿಕ್ಕಿದ್ದರಿಂದ ಒಂದು ಡ್ರಮ್ ಸೆಟ್ ಮಾಡಬೇಕು. ಅದರಲ್ಲಿ ಒಂದು ಹಾಡಿಗೆ ಆಗುವಂಥ ಲಯ ಕೂರಿಸಬೇಕು. ಲ್ಯಾಪ್‌ಟಾಪ್, ಒಂದು ಸಾಧಾರಣ ಮೈಕು, ಸಾಫ್ಟ್‌ವೇರ್ ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಸದ್ದನ್ನು ವಾದ್ಯದಂತೆ ಬಾರಿಸಲು ಬಿಡುವ ಪ್ರೋಗ್ರಾಂ. ಸಾಮಾನು ಅಷ್ಟೇ.

ಬೆಳಗ್ಗೆಯೆಲ್ಲ ಬಡಿಯುವುದರಲ್ಲೇ ಹೋಯಿತು. ಖಾಲಿ ಸೂಟ್‌ಕೇಸಿಗೆ ಮುಷ್ಟಿಯಿಂದ ಗುದ್ದಿದೆ. ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಅಂಗಾತ ಬೀಳಿಸಿದೆ. ಕೀಗೊಂಚಲು ಕುಲುಕಿದೆ. ಹಾಳೆ ಹರಿದೆ. ಸ್ಟೀಲ್ ಮುಚ್ಚಳವನ್ನು ದಾರಕ್ಕೆ ಕಟ್ಟಿ ತೂಗುಹಾಕಿ ಪೆನ್ಸಿಲಿನಿಂದ ತಟ್ಟಿದೆ. ಒಂದೊಂದನ್ನೂ ಬೇರೆ ಬೇರೆ ಬಲದಲ್ಲಿ ಹಲವು ಸಲ ಬಡಿದು ಇಟ್ಟುಕೊಂಡೆ. ಅದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ. ಫ್ಯಾನ್ ಮಾತ್ರ ನೆನಪಿಟ್ಟು ಆಫ್ ಮಾಡಿದ್ದೆ. ಒಂದು ಏಟಿನಲ್ಲಿ ಕೇಳಿಸದ ಫ್ಯಾನಿನ ಸದ್ದು ಹತ್ತು ಏಟು ಒಟ್ಟಿಗೆ ಸೇರಿದಾಗ ಎದ್ದು ಕೂರುತ್ತದೆ.

ಮುಚ್ಚಳದ ಸದ್ದು ಆರೇಳು ಸೆಕೆಂಡ್ ಎಳೆಯಿತು. ಈಗ ಅದೇನು ದೊಡ್ಡ ವಿಷಯವಲ್ಲ. ಆದರೆ 1980ರಲ್ಲಿ ರೋಜರ್ ಲಿನ್ ಎಲ್‌ಎಂ-1 ಅನ್ನೋ ಡ್ರಮ್ ಮಷಿನ್ ತಂದಾಗ ಹೀಗಿರಲಿಲ್ಲ. ನಿಜವಾದ ಡ್ರಮ್‌ಗಳ ರೆಕಾರ್ಡಿಂಗನ್ನೇ ಚಿಪ್ಪಿನಲ್ಲಿಟ್ಟು ಮಾರಾಟಕ್ಕೆ ಬಂದ ಮೊದಲ ಯಂತ್ರ ಅದು. 8 ಬಿಟ್, 28 ಕಿಲೋಹರ್ಟ್ಸ್. ಅಂದರೆ ಸದ್ದನ್ನು ಸೆಕೆಂಡಿಗೆ 28 ಸಾವಿರ ಸಲ ಅಳೆದು, ಒಂದೊಂದು ಅಳತೆಯನ್ನು 8 ಬಿಟ್‌ನಲ್ಲಿ ಬರೆದಿಡುವುದು. ಈ ಅಂಕೆಗಳು ಏರಿದಷ್ಟೂ ಸದ್ದು ನಯ, ಬೇಕಾದ ಜಾಗವೂ ಜಾಸ್ತಿ. ಆಗ ಮೆಮೊರಿ ಎಷ್ಟು ದುಬಾರಿ ಅಂದರೆ, ಉದ್ದಕ್ಕೆ ಮೊಳಗುವ ಕ್ರ್ಯಾಶ್, ರೈಡ್ ಸಿಂಬಲ್‌ಗಳನ್ನೇ ಅದರಲ್ಲಿ ಸೇರಿಸಲಿಲ್ಲ. ನಾನು ಒಂದು ಮುಚ್ಚಳಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಸುರಿದು ಕೂತಿದ್ದೆ!

ರೆಕಾರ್ಡ್ ಮಾಡಿದ್ದನ್ನು ಸ್ಯಾಂಪ್ಲರಿಗೆ ಎಳೆದು ಹಾಕಿದ ಮೇಲೆ ಮೊದಲ ಕೆಲಸ ತಲೆ ಕತ್ತರಿಸುವುದು. ಏಟು ಬೀಳುವ ಮೊದಲಿನ ಮೌನವನ್ನು ತೆಗೆಯಬೇಕು. ಕಣ್ಣಿಗೆ ಅದು ಏನೂ ಅಲ್ಲ ಅನ್ನಿಸುವಷ್ಟು ಸಣ್ಣದು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾನು ಹಿಡಿದಿದ್ದ ವೇಗ ನಿಮಿಷಕ್ಕೆ 90 ಬೀಟ್. ಅಂದರೆ ಒಂದು ಬೀಟ್ 667 ಮಿಲಿಸೆಕೆಂಡ್. ಅದನ್ನು ನಾಲ್ಕು ಭಾಗ ಮಾಡಿದರೆ ಏಟು ಕೂರಿಸುವ ಒಂದೊಂದು ಮನೆಗೆ 167. ಅದರಲ್ಲಿ 20 ಮಿಲಿಸೆಕೆಂಡ್ ಮೌನ ಉಳಿದರೆ ಎಂಟನೇ ಒಂದು ಪಾಲು ಹೋದಂತೆ. ಪ್ರತಿ ಏಟೂ ಕಾಲೆಳೆದುಕೊಂಡು ಬರುತ್ತದೆ. ಹಾಗಂತ ಅಲೆಯ ಮಧ್ಯದಲ್ಲಿ ಕಚಕ್ಕಂತ ಕತ್ತರಿಸಿದರೆ ಟಿಕ್ ಅನ್ನೋ ಸದ್ದು ಸೇರಿಕೊಳ್ಳುತ್ತದೆ. ಅಲೆ ಸೊನ್ನೆ ಗೆರೆ ದಾಟುವ ಜಾಗ ಹುಡುಕಿ ಅಲ್ಲಿ ಕತ್ತರಿಸಬೇಕು, ಇಲ್ಲವೇ ಒಂದೆರಡು ಮಿಲಿಸೆಕೆಂಡಿನ ಫೇಡ್ ಕೊಡಬೇಕು.

ಸೂಟ್‌ಕೇಸಿಗೂ ಪುಸ್ತಕಕ್ಕೂ ಇದು ಸಲೀಸು. ಕೀಗೊಂಚಲು ಮಾತ್ರ ಆಟ ಆಡಿಸಿತು. ತಲೆ ಸರಿಯಾಗಿ ಕತ್ತರಿಸಿದ್ದೆ, ಗ್ರಿಡ್ಡಿನ, ಅಂದರೆ ಪರದೆಯ ಮೇಲಿನ ಆ ಮನೆಗಳ ಸಾಲಿನ, ಗೆರೆಯ ಮೇಲೇ ಇಟ್ಟಿದ್ದೆ. ಆದರೂ ಕಿವಿಗೆ ತಡವಾಗಿಯೇ ಕೇಳುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಕೀಲಿಗಳು ಒಟ್ಟಿಗೆ ಬಡಿಯುವುದಿಲ್ಲ ಅಲ್ವಾ? ಮೊದಲು ಒಂದು ಸಣ್ಣ ಕೀಲಿ, ಆಮೇಲೆ ಎರಡು, ಆಮೇಲೆ ಗೊಂಚಲೆಲ್ಲ. ಸದ್ದು ಶುರುವಾಗುವುದಕ್ಕೂ ತುದಿ ಮುಟ್ಟುವುದಕ್ಕೂ ನಡುವೆ 35 ಮಿಲಿಸೆಕೆಂಡಿನಷ್ಟು ಅಂತರ. ಕಿವಿ ಬೀಟ್ ಅಂತ ಹಿಡಿಯುವುದು ಸದ್ದು ಹುಟ್ಟಿದ ಜಾಗವನ್ನಲ್ಲ, ಅದು ಗಟ್ಟಿಯಾಗುವ ಜಾಗವನ್ನು. ಎರಡು ದಾರಿ ಇತ್ತು. ಮುಂದಿನ ಪುಡಿ ಸದ್ದನ್ನೆಲ್ಲ ಕತ್ತರಿಸಿ ಎಸೆಯುವುದು, ಇಲ್ಲವೇ ಇಡೀ ಟ್ರ್ಯಾಕನ್ನು 30 ಮಿಲಿಸೆಕೆಂಡ್ ಹಿಂದಕ್ಕೆಳೆದು ಬೇಗ ಶುರು ಮಾಡುವುದು. ಕತ್ತರಿಸಿ ನೋಡಿದೆ. ಕೀಗೊಂಚಲೇ ಮಾಯ! ಯಾವುದೋ ತಗಡಿನ ಚೂರು ಸದ್ದು ಮಾಡಿದಂತಿತ್ತು. ಅದಕ್ಕೇ ಟ್ರ್ಯಾಕನ್ನು ಹಿಂದಕ್ಕೆಳೆದೆ.

ಶಬ್ದದ ಗುರುತು ಬಹುಪಾಲು ಅದರ ಮೊದಲ ಕ್ಷಣದಲ್ಲೇ ಇರುತ್ತದೆ ಅನ್ನೋದನ್ನು 1948ರ ಹೊತ್ತಿಗೇ ಪ್ಯಾರಿಸ್ ರೇಡಿಯೋದಲ್ಲಿ ಫ್ರೆಂಚ್ ಸಂಯೋಜಕ ಪಿಯೆರ್ ಶೆಫರ್ ತೋರಿಸಿಕೊಟ್ಟಿದ್ದರು. ಗಂಟೆಯ ರೆಕಾರ್ಡಿಂಗಿನಿಂದ ಏಟಿನ ಭಾಗವನ್ನು ತೆಗೆದು ಕೇಳಿದಾಗ ಅದು ಗಂಟೆಯಂತೆ ಕೇಳಲೇ ಇಲ್ಲ. ಆಗ ಟೇಪೂ ಅವರ ಕೈಯಲ್ಲಿರಲಿಲ್ಲ, ಡಿಸ್ಕ್‌ಗಳಲ್ಲೇ ಇದನ್ನೆಲ್ಲ ಮಾಡುತ್ತಿದ್ದರು. ಇದನ್ನು ನಾನು ಎಂದೋ ಓದಿದ್ದೆ, ತಲೆಯಾಡಿಸಿ ಬಿಟ್ಟಿದ್ದೆ. ಕೀಗೊಂಚಲು ಕಳೆದುಹೋದ ಮೇಲೆ ಅದು ಮೈಗೆ ಇಳಿಯಿತು.

ಮಧ್ಯಾಹ್ನ ಕಿಕ್ ಹಿಡಿದು ಕೂತೆ. ಸೂಟ್‌ಕೇಸ್ ಗುದ್ದಿದ ಸದ್ದು ಇದ್ದಂತೆಯೇ ಕೇಳಿದರೆ ಯಾರೋ ಬಾಗಿಲು ತಟ್ಟಿದಂತೆ. ಅದನ್ನು 12 ಸೆಮಿಟೋನ್, ಅಂದರೆ ಪೂರ್ತಿ ಒಂದು ಸ್ಥಾಯಿ, ಕೆಳಗಿಳಿಸಿದೆ. ಇಷ್ಟು ಇಳಿಸಿದರೆ ಸದ್ದಿನ ಉದ್ದ ಎರಡರಷ್ಟಾಗುತ್ತದೆ, ಸುಮ್ನೆ ನಿಧಾನವಾಗಿ ಓಡಿಸಿದ ಹಾಗೆ. ಈಗಿನ ಸ್ಯಾಂಪ್ಲರುಗಳಲ್ಲಿ ಉದ್ದ ಬದಲಾಗದಂತೆ ಶ್ರುತಿ ಮಾತ್ರ ಇಳಿಸುವ ಬಟನ್ ಇದೆ. ಡ್ರಮ್ಮಿಗೆ ನನಗೆ ಅದು ಇಷ್ಟವಿಲ್ಲ. ಅದು ಏಟಿನ ಮೊನೆಯನ್ನು ಕಲಸಿಬಿಡುತ್ತದೆ. ನಿಧಾನವಾಗಿ ಓಡಿಸಿದರೆ ಮೊನೆ ದಪ್ಪಗಾಗುತ್ತದೆ, ಜೊತೆಗೆ ಒಂದು ತರಿತರಿ ಬರುತ್ತದೆ. 1987ರ ಎಸ್‌ಪಿ-1200 ಸ್ಯಾಂಪ್ಲರಿಗೆ ಹೆಸರು ತಂದಿದ್ದೂ ಇದೇ ತರಿ. 12 ಬಿಟ್, 26 ಕಿಲೋಹರ್ಟ್ಸ್ ಚಿಲ್ಲರೆ, ಒಟ್ಟು ಹತ್ತು ಸೆಕೆಂಡಿನಷ್ಟು ಜಾಗ. ಜಾಗ ಉಳಿಸಲು ಹಿಪ್-ಹಾಪ್ ಮಾಡುವವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡಿಕೊಂಡು, ಆಮೇಲೆ ಯಂತ್ರದೊಳಗೆ ಶ್ರುತಿ ಇಳಿಸುತ್ತಿದ್ದರು. ಜಾಗದ ಬಡತನಕ್ಕೆ ಮಾಡಿದ ಉಪಾಯ ಕೊನೆಗೆ ಅದರದೇ ಒಂದು ಸ್ವರವಾಯಿತು. ಈಗ ಜನ ದುಡ್ಡು ಕೊಟ್ಟು ಪ್ಲಗಿನ್ ತಗೊಂಡು ಒಳ್ಳೆಯ ರೆಕಾರ್ಡಿಂಗನ್ನು ಕೆಡಿಸುತ್ತಾರೆ. ನಾನೂ ಅವರಲ್ಲಿ ಒಬ್ಬ.

ಸೂಟ್‌ಕೇಸಿಗೆ ಹೊಟ್ಟೆ ಬಂತು, ಆದರೆ ತಳ ಸಾಲಲಿಲ್ಲ. ಕೆಳಗೊಂದು 50 ಹರ್ಟ್ಸಿನ ಸೈನ್ ಅಲೆ, ಅಂದರೆ ಒಂದೇ ಶ್ರುತಿಯ ಶುದ್ಧ ಸದ್ದು, ಸೇರಿಸಿದೆ. ವಿಚಿತ್ರ ಅಂದರೆ, ಎರಡೂ ಸೇರಿ ಗಟ್ಟಿಯಾಗುವ ಬದಲು ಸದ್ದು ಸೊರಗಿತು! ಒಂದರ ಉಬ್ಬು ಬರುವಾಗ ಇನ್ನೊಂದರ ತಗ್ಗು ಬಂದು ಒಂದನ್ನೊಂದು ತಿಂದುಹಾಕುತ್ತಿದ್ದವು. 50 ಹರ್ಟ್ಸಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು, ಅರ್ಧ ಸುತ್ತಿಗೆ 10. ಸೈನ್ ಅಲೆಯನ್ನು ಅತ್ತಿತ್ತ ಸರಿಸುತ್ತಾ ಹೋದೆ. ಒಂದು ಕಡೆ ಬಂದಾಗ ಮೇಜೇ ಗುಂಯ್‌ಗುಟ್ಟಿತು. ಅಲ್ಲಿಗೆ ನಿಲ್ಲಿಸಿದೆ. ಇಂಥ ಕಡೆ ಗ್ರಾಫ್ ನೋಡುವುದಕ್ಕಿಂತ ಕಣ್ಣು ಮುಚ್ಚಿ ಕೇಳುವುದೇ ಬೇಗ.

ಸ್ನೇರ್, ಅಂದರೆ ಚಟ್ಟನೆ ಸಿಡಿಯುವ ಡ್ರಮ್, ಮಾಡಲು ಪುಸ್ತಕ ಮತ್ತು ಹಾಳೆ. ಪುಸ್ತಕ ಏಟು ಕೊಟ್ಟಿತು, ಹರಿದ ಹಾಳೆ ಚರ್ರನೆಯ ಬಾಲ ಕೊಟ್ಟಿತು. ಹಾಳೆಗೆ ಹೈ-ಪಾಸ್ ಫಿಲ್ಟರ್ ಹಾಕಿ ತಳ ತೆಗೆದೆ, ಡಿಕೇ, ಅಂದರೆ ಸದ್ದು ಆರುವ ಸಮಯ, 150 ಮಿಲಿಸೆಕೆಂಡಿಗೆ ಕಟ್ಟಿದೆ. ಐದು ನಿಮಿಷದಲ್ಲಿ ಮುಗಿಯಿತು. ಕೆಲವೊಂದು ಹಾಗೇ. ಹೈ-ಹ್ಯಾಟ್ ಅಂದರೆ ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳ. ಕೀಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕುಲುಕಿದ್ದು ಮುಚ್ಚಿದ ಹೈ-ಹ್ಯಾಟ್, ಸಡಿಲವಾಗಿ ಕುಲುಕಿದ್ದು ತೆರೆದ ಹೈ-ಹ್ಯಾಟ್. ಎರಡನ್ನೂ ಒಂದೇ ಚೋಕ್ ಗುಂಪಿಗೆ ಸೇರಿಸಿದೆ. ಆಗ ಮುಚ್ಚಿದ್ದು ಬಾರಿಸಿದ ಕೂಡಲೇ ತೆರೆದದ್ದರ ಸದ್ದು ನಿಲ್ಲುತ್ತದೆ. ನಿಜವಾದ ಡ್ರಮ್ ಸೆಟ್ಟಿನಲ್ಲಿ ಕಾಲು ಮಾಡುವ ಕೆಲಸವನ್ನು ಇಲ್ಲಿ ಈ ಒಂದು ಟಿಕ್ ಮಾರ್ಕ್ ಮಾಡುತ್ತದೆ.

ಆಮೇಲೆ ಹದಿನಾರು ಮನೆಗಳ ಗ್ರಿಡ್. ಕಿಕ್ 1, 8 ಮತ್ತು 11ರಲ್ಲಿ. ಸ್ನೇರ್ 5 ಮತ್ತು 13ರಲ್ಲಿ. ಹೈ-ಹ್ಯಾಟ್ ಎಲ್ಲ ಮನೆಯಲ್ಲೂ. ಪ್ಲೇ ಒತ್ತಿದೆ. ಹೊಲಿಗೆ ಯಂತ್ರ ಓಡಿದಂತೆ ಓಡಿತು. ಎಲ್ಲ ಸರಿಯಿದೆ, ಯಾವುದರಲ್ಲೂ ಜೀವವಿಲ್ಲ.

ಈ ಹೊತ್ತಿಗೆ ಬಹಳ ಜನ ಹ್ಯೂಮನೈಸ್ ಬಟನ್ ಒತ್ತುತ್ತಾರೆ. ಅದು ಪ್ರತಿ ಏಟನ್ನೂ ಹೇಗೆಂದರೆ ಹಾಗೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸುತ್ತದೆ. ನನಗೆ ಆ ಬಟನ್ ಮೇಲೆ ನಂಬಿಕೆ ಇಲ್ಲ. ಒಳ್ಳೆಯ ಡ್ರಮ್ಮರ್ ಗೆರೆ ತಪ್ಪುವುದು ನಿಜ, ಆದರೆ ಸುಮ್‌ಸುಮ್ನೆ ತಪ್ಪುವುದಿಲ್ಲ. ಸ್ನೇರ್ ತಡ ಮಾಡುವವನು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ತಡ ಮಾಡುತ್ತಾನೆ. ಕೇಳುವವನ ಮೈ ಅದನ್ನು ಕಾಯಲು ಕಲಿಯುತ್ತದೆ. ಹೇಗೆಂದರೆ ಹಾಗೆ ಸರಿಸಿದರೆ ಕಾಯಲು ಏನೂ ಇರುವುದಿಲ್ಲ, ಕೈ ನಡುಗುವವನು ಬಾರಿಸಿದಂತೆ ಕೇಳುತ್ತದೆ, ಅಷ್ಟೇ.

ಹಾಗಾಗಿ ಮೊದಲು ಸ್ವಿಂಗ್ ಹಿಡಿದೆ. ಇದನ್ನು ಡ್ರಮ್ ಮಷಿನ್‌ಗೆ ತಂದದ್ದೂ ರೋಜರ್ ಲಿನ್ ಅವರೇ. ಉಪಾಯ ತೀರಾ ಸರಳ. ಎರಡೆರಡು ಮನೆಗಳ ಜೋಡಿಯಲ್ಲಿ ಎರಡನೆಯದನ್ನು ಮಾತ್ರ ತಡ ಮಾಡುವುದು. 50 ಪರ್ಸೆಂಟ್ ಅಂದರೆ ನೆಟ್ಟಗೆ. 66 ಅಂದರೆ ಹೆಚ್ಚುಕಡಿಮೆ ಮೂರರ ನಡೆ. ರುಚಿ ಇರುವುದು ನಡುವಿನ ಜಾಗದಲ್ಲಿ. 90ರ ವೇಗದಲ್ಲಿ 56 ಪರ್ಸೆಂಟ್ ಇಟ್ಟರೆ ಎರಡನೇ ಏಟು 167ರ ಬದಲು 187 ಮಿಲಿಸೆಕೆಂಡಿಗೆ ಬೀಳುತ್ತದೆ. ಬರೀ 20 ಮಿಲಿಸೆಕೆಂಡ್. ಬೆಳಗ್ಗೆ ತಲೆ ಕತ್ತರಿಸಿ ಎಸೆದ ಮೌನವೂ ಸುಮಾರು ಅಷ್ಟೇ ಇತ್ತು. ಎಲ್ಲ ಏಟೂ ತಡವಾದರೆ ಅದು ದೋಷ, ಬೇಕಾದವು ಮಾತ್ರ ತಡವಾದರೆ ನಡೆ. ಇದೇ ರೋಜರ್ ಲಿನ್ ಕೈಜೋಡಿಸಿ ರೂಪಿಸಿದ 1988ರ ಎಂಪಿಸಿ60 ಅನ್ನೋ ಸ್ಯಾಂಪ್ಲರಿನಲ್ಲಿ ಒಂದು ಬೀಟಿಗೆ 96 ಭಾಗ ಇರುತ್ತಿತ್ತು. 90ರ ವೇಗಕ್ಕೆ ಒಂದು ಭಾಗ ಅಂದರೆ ಸುಮಾರು 7 ಮಿಲಿಸೆಕೆಂಡ್. ಅಷ್ಟು ದೊಡ್ಡ ಹೆಜ್ಜೆಯಲ್ಲೇ ಜನ ತಲೆದೂಗುವ ಲಯ ಕಟ್ಟಿದ್ದಾರೆ. ನನ್ನ ಸಾಫ್ಟ್‌ವೇರಿನಲ್ಲಿ 960 ಭಾಗ. ಅದರಿಂದ ಹತ್ತು ಪಟ್ಟು ಲಾಭವೇನೂ ಆಗಲಿಲ್ಲ.

ಸ್ನೇರ್ ಟ್ರ್ಯಾಕನ್ನು 12 ಮಿಲಿಸೆಕೆಂಡ್ ತಡ ಮಾಡಿದೆ. ಕಿಕ್ ಗೆರೆಯ ಮೇಲೇ ಇರಲಿ ಅಂತ ಬಿಟ್ಟೆ. ಎಲ್ಲವೂ ಜಾರಿದರೆ ಜಾರಿದ್ದು ಗೊತ್ತಾಗುವುದಾದರೂ ಹೇಗೆ?

ಇನ್ನು ಉಳಿದದ್ದು ಬಲ. ಮಿಡಿಯಲ್ಲಿ (ವಾದ್ಯಗಳು, ಕಂಪ್ಯೂಟರುಗಳು ಏಟಿನ ವಿವರ ಹಂಚಿಕೊಳ್ಳುವ ಭಾಷೆ) ಒಂದು ಏಟಿನ ಬಲಕ್ಕೆ 1ರಿಂದ 127ರವರೆಗೆ ಅಂಕೆ. ಬರೀ ಸದ್ದು ಕಡಿಮೆ ಮಾಡಿದರೆ ಮೆಲ್ಲಗಿನ ಏಟು ಆಗುವುದಿಲ್ಲ, ದೂರದಲ್ಲಿ ಬಿದ್ದ ಜೋರು ಏಟು ಆಗುತ್ತದೆ. ಮೆಲ್ಲಗೆ ತಟ್ಟಿದಾಗ ಮೇಲಿನ ಕಂಪನಗಳು ಕಡಿಮೆ, ಸದ್ದು ಮಂಕು. ಆದ್ದರಿಂದ ಬಲವನ್ನು ಫಿಲ್ಟರಿನ ಕಟ್-ಆಫ್‌ಗೆ ಕಟ್ಟಿದೆ. ಬಲ ಇಳಿದಂತೆ ಫಿಲ್ಟರ್ ಮುಚ್ಚಿ ಮೇಲಿನ ಕಂಪನಗಳನ್ನು ತಡೆಯುತ್ತದೆ. ಹಳೇ ಸ್ಯಾಂಪ್ಲರುಗಳ ಕಾಲದ ಇನ್ನೊಂದು ಉಪಾಯವೂ ಇದೆ. ಬಲ ಕಡಿಮೆಯಾದಾಗ ಸ್ಯಾಂಪಲ್ ಓದುವುದನ್ನು ಕೆಲವು ಮಿಲಿಸೆಕೆಂಡ್ ಒಳಗಿನಿಂದ ಶುರು ಮಾಡುವುದು. ಏಟಿನ ಮೊನೆ ತಾನಾಗಿ ಮೊಂಡಾಗುತ್ತದೆ. ಕೀಗೊಂಚಲಿನಲ್ಲಿ ಬೇಡವಾಗಿದ್ದ ಗುಣ ಸ್ನೇರಿನಲ್ಲಿ ಕೆಲಸಕ್ಕೆ ಬಂತು. 4, 8 ಮತ್ತು 10ನೇ ಮನೆಗಳಲ್ಲಿ 25ರಿಂದ 40ರ ಬಲದ ಮೆಲ್ಲಗಿನ ಸ್ನೇರ್ ಏಟುಗಳನ್ನು, ಅಂದರೆ ಗೋಸ್ಟ್ ನೋಟ್‌ಗಳನ್ನು ಇಟ್ಟೆ. ಅವು ಇವೆ ಅಂತ ಬೇರೆಯಾಗಿ ಕೇಳಿಸುವುದಿಲ್ಲ. ತೆಗೆದರೆ ಮಾತ್ರ ಗೊತ್ತಾಗುತ್ತದೆ.

ಬೆಳಗ್ಗೆ ಒಂದೊಂದನ್ನೂ ಹಲವು ಸಲ ಬಡಿದಿಟ್ಟದ್ದು ಇಲ್ಲಿಗೆ. ಒಂದೇ ಫೈಲು ಮತ್ತೆ ಮತ್ತೆ ಬಂದರೆ ಕಿವಿ ಬೇಗ ಹಿಡಿದುಬಿಡುತ್ತದೆ. ಹೈ-ಹ್ಯಾಟಿನಲ್ಲಂತೂ ಮಷಿನ್ ಗನ್ ಆಗುತ್ತದೆ. ರೌಂಡ್ ರಾಬಿನ್‌ನಲ್ಲಿ ನಾಲ್ಕು ಬೇರೆ ಬೇರೆ ಕುಲುಕಾಟ ಸರದಿಯಲ್ಲಿ ಬರುವಂತೆ ಮಾಡಿದೆ. ಪ್ಲೇ ಒತ್ತಿದೆ. ನಾನಾಗಿಯೇ ತಲೆ ಆಡಿಸುತ್ತಿದ್ದೆ. ಅದಕ್ಕಿಂತ ದೊಡ್ಡ ಮೀಟರ್ ನನ್ನ ಹತ್ತಿರ ಇಲ್ಲ.

ರಾತ್ರಿ ಅದನ್ನು ಹಾಡುವ ಗೆಳತಿಗೆ ಕಳಿಸಿದೆ. ಸೂಟ್‌ಕೇಸ್, ಕೀಲಿ ಅಂತ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. "ಚೆನ್ನಾಗಿದೆ, ಆದರೆ ಈ ವೇಗಕ್ಕೆ ಮಾತುಗಳು ಕೂರೋಲ್ಲ, 78ಕ್ಕೆ ಇಳಿಸು" ಅಂದಳು. ಇಳಿಸಿದೆ. ಗ್ರಿಡ್ ತಾನಾಗಿ ಹಿಗ್ಗಿತು, ಸ್ವಿಂಗ್ ಪರ್ಸೆಂಟಿನಲ್ಲಿದ್ದ ಕಾರಣ ಅದೂ ಹಿಗ್ಗಿತು. ಒಂದು ಮನೆ 167ರಿಂದ 192 ಮಿಲಿಸೆಕೆಂಡ್ ಆಯಿತು. ಆದರೆ ಸ್ಯಾಂಪಲ್‌ಗಳ ಉದ್ದ ಇದ್ದಷ್ಟೇ. ಕಿಕ್ ಬೇಗ ಸತ್ತುಹೋಗಿ ಮುಂದಿನ ಏಟಿನ ತನಕ ಬರಿದಾದ ಒಂದು ಗುಂಡಿ. ಹಾಳೆಯ ಬಾಲವೂ ಮೊಂಡು. ಮಿಲಿಸೆಕೆಂಡಿನಲ್ಲಿ ಕೊಟ್ಟಿದ್ದ ಸ್ನೇರಿನ ತಡ ಅಲ್ಲೇ ನಿಂತಿತ್ತು, ಈ ನಿಧಾನಕ್ಕೆ ಅದು ಸಾಲದು. ಕಿಕ್ಕಿನ ಡಿಕೇ ಉದ್ದ ಮಾಡಿದೆ, ಹಾಳೆಯದು 150ರಿಂದ 190ಕ್ಕೆ, ಸ್ನೇರಿನ ತಡ 12ರಿಂದ 16ಕ್ಕೆ. ಮುಚ್ಚಳವನ್ನು ಮುಟ್ಟಲಿಲ್ಲ, ಅದು ಮೊದಲಿನಿಂದಲೂ ಜಾಸ್ತಿಯೇ ಉದ್ದವಿತ್ತು. ಈಗ ಅವಳಿಗೆ ಚರಣದ ಕೊನೆಗೆ ಒಂದು ಟಾಮ್ ಡ್ರಮ್ಮಿನ ಉರುಳಿಕೆ ಬೇಕಂತೆ. ಪ್ಲಾಸ್ಟಿಕ್ ಬಕೆಟ್ ಒಂದು ಖಾಲಿ ಇದೆ, ನಾಳೆ ಅದಕ್ಕೆ ಮೈಕು ಇಡಬೇಕು.