ಹಳೆಯ ವಿಂಡೋಸ್ ಪ್ರೋಗ್ರಾಮಿಗೆ ಲಿನಕ್ಸಿನಲ್ಲೊಂದು ಪ್ರತ್ಯೇಕ ಖಾತೆ

ಸ್ನೇಹಿತರೊಬ್ಬರು ಅನೇಕ ವರ್ಷಗಳ ಲೆಕ್ಕಪತ್ರಗಳನ್ನು ತುಂಬಿಟ್ಟಿದ್ದ ಒಂದು ಚಿಕ್ಕ ವಿಂಡೋಸ್ ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟು, ಅದರೊಳಗಿನ ಮಾಹಿತಿಯನ್ನು ಹೇಗಾದರೂ ಹೊರತೆಗೆದುಕೊಡಬೇಕೆಂದು ಕೇಳಿದರು. ಅದನ್ನು ತಯಾರಿಸಿದವರು ಕೈಬಿಟ್ಟು ಬಹಳ ಕಾಲವಾಗಿತ್ತು. ಅದರ ಫೈಲುಗಳನ್ನು ಬೇರೆ ಯಾವ ತಂತ್ರಾಂಶವೂ ಓದುತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಮಾತ್ರವಾದ್ದರಿಂದ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ತಂತ್ರಾಂಶವನ್ನು ಬಳಸಬೇಕಾಯಿತು. ಆದರೆ ಆ ಪ್ರೋಗ್ರಾಂ ಹಲವು ಕಂಪ್ಯೂಟರುಗಳನ್ನು ದಾಟಿ ಬಂದಿತ್ತು, ಮೂಲ ತಾಣವೇ ಈಗ ಇಲ್ಲದ್ದರಿಂದ ಫೈಲನ್ನು ಯಾರೂ ತಿದ್ದಿಲ್ಲವೆಂದು ತಿಳಿಯಲು ಅದರ ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ ನೋಡುವ ದಾರಿಯೂ ಇರಲಿಲ್ಲ. ವೈರಸ್ ಹುಡುಕುವ ಕ್ಲಾಮ್‌ಎವಿಗೆ ಅದರಲ್ಲಿ ಏನೂ ಸಿಗಲಿಲ್ಲ. ಆದರೂ ಅಷ್ಟರಿಂದಲೇ ಅದನ್ನು ನಂಬಲು ನನ್ನ ಮನಸ್ಸು ಒಪ್ಪಲಿಲ್ಲ.

1993ರಲ್ಲಿ ಆರಂಭವಾಗಿ 2008ರಲ್ಲಿ 1.0 ಆವೃತ್ತಿಯನ್ನು ತಲುಪಿದ ವೈನ್, ಪ್ರೋಗ್ರಾಂ ವಿಂಡೋಸಿನಿಂದ ಕೇಳುವ ಸೇವೆಗಳನ್ನು ಲಿನಕ್ಸಿನ ಸೇವೆಗಳಾಗಿ ಮಾರ್ಪಡಿಸಿ ಒದಗಿಸುತ್ತದೆ. ನಡುವೆ ಬೇರೊಂದು ಯಂತ್ರವಿಲ್ಲದ್ದರಿಂದ ಕೆಲಸ ವೇಗವಾಗಿ ಸಾಗುತ್ತದೆ. ಅದೇ ಕಾರಣಕ್ಕೆ, ಅದನ್ನು ನಡೆಸಿದವರಿಗೆ ಯಾವ ಫೈಲುಗಳನ್ನು ಓದುವ, ತಿದ್ದುವ, ಅಳಿಸುವ ಹಕ್ಕಿದೆಯೋ ಆ ಹಕ್ಕೆಲ್ಲವೂ ಪ್ರೋಗ್ರಾಮಿಗೂ ಸಿಕ್ಕಿಬಿಡುತ್ತದೆ. ವಿಂಡೋಸ್ ವೈರಸ್ ಲಿನಕ್ಸನ್ನು ಮುಟ್ಟಲಾರದು ಎಂಬ ಮಾತನ್ನು ವೈನ್ ಇರುವ ಕಂಪ್ಯೂಟರಿನಲ್ಲಿ ನೆಚ್ಚಿಕೊಳ್ಳಬಾರದು.

ಇದನ್ನು ಕಣ್ಣಾರೆ ನೋಡಲೆಂದು, ಪೆನ್‌ಡ್ರೈವ್ ಮುಟ್ಟುವ ಮೊದಲೇ ವೈನ್ ಜೊತೆಗೆ ಬರುವ ನೋಟ್‌ಪ್ಯಾಡ್ ತೆರೆದು, ಫೈಲ್ ಆರಿಸುವ ಕಿಟಕಿಯಲ್ಲಿ ಡ್ರೈವ್‌ಗಳ ಪಟ್ಟಿ ನೋಡಿದೆ. ಸಿ ಡ್ರೈವ್ ವೈನ್‌ನದೇ ಫೋಲ್ಡರ್. ಝಡ್ ಡ್ರೈವ್ ಮಾತ್ರ ಇಡೀ ಲಿನಕ್ಸ್ ವ್ಯವಸ್ಥೆಯ ಬುಡ. ಅದನ್ನು ಒತ್ತಿದರೆ ನನ್ನ ಹೋಮ್ ಫೋಲ್ಡರು, ಅದರೊಳಗಿನ ದಾಖಲೆಗಳು, ಫೋಟೋಗಳು ಎಲ್ಲವೂ ಸಾಲಾಗಿ ಕಂಡವು. ದೂರದ ಕಂಪ್ಯೂಟರುಗಳಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಖಾಸಗಿ ಕೀಲಿಯ ಫೈಲಿನ ದಾರಿಯನ್ನು ಟೈಪ್ ಮಾಡಿದಾಗ ಅದೂ ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡಿತು. ವೈನ್‌ನ ಸೆಟ್ಟಿಂಗ್‌ನಲ್ಲಿ ಝಡ್ ಡ್ರೈವನ್ನು ತೆಗೆದುಹಾಕಬಹುದು, ವೈನ್‌ನ ಸಹಾಯಕ ತಂತ್ರಾಂಶವಾದ ವೈನ್‌ಟ್ರಿಕ್ಸ್‌ನಲ್ಲಿಯೂ ಇಂಥ ಕೊಂಡಿಗಳನ್ನು ಕಳಚುವ ಆಯ್ಕೆಯಿದೆ. ಆದರೆ ಕೇಡು ಬಗೆಯಲೆಂದೇ ಬರೆದ ಪ್ರೋಗ್ರಾಂ ಡ್ರೈವ್ ಅಕ್ಷರಗಳ ಗೊಡವೆಗೇ ಹೋಗದೆ ನೇರವಾಗಿ ಲಿನಕ್ಸಿನ ಸಿಸ್ಟಂ ಕಾಲ್‌ಗಳನ್ನು (ವ್ಯವಸ್ಥೆಯ ತಿರುಳಿಗೇ ಸಲ್ಲಿಸುವ ಕೋರಿಕೆಗಳನ್ನು) ಮಾಡಬಲ್ಲದು. ಅದನ್ನು ತಡೆಯುವ ಕೆಲಸವನ್ನು ವೈನ್ ವಹಿಸಿಕೊಂಡಿಲ್ಲ.

ಆದ್ದರಿಂದ ತಡೆಯನ್ನು ಆ ತಿರುಳಾದ ಲಿನಕ್ಸ್ ಕರ್ನಲ್ಲಿನಿಂದಲೇ ಹಾಕಿಸುವುದು ಸರಿಯೆನಿಸಿತು. ಸೂಡೊ ಹಕ್ಕಿಲ್ಲದ, ಅಂದರೆ ಆಡಳಿತಗಾರರ ಅಧಿಕಾರದಲ್ಲಿ ಆಜ್ಞೆಗಳನ್ನು ನಡೆಸಲಾಗದ ಹೊಸ ಬಳಕೆದಾರ ಖಾತೆಯೊಂದನ್ನು ಈ ಕೆಲಸಕ್ಕಾಗಿಯೇ ಮಾಡಿದೆ. (ವೈನನ್ನು ಎಲ್ಲ ಅಧಿಕಾರವುಳ್ಳ ರೂಟ್ ಖಾತೆಯಾಗಿ ಓಡಿಸುವುದು ಯಾವ ಸಂದರ್ಭದಲ್ಲೂ ಕೂಡದು, ಅನುಮತಿಯ ತೊಂದರೆ ಬಂದೊಡನೆ ಸೂಡೊ ಸೇರಿಸಿಬಿಡಿ ಎಂಬ ಸಲಹೆ ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ.) ಬಳಿಕ ನನ್ನ ಹೋಮ್ ಫೋಲ್ಡರಿನ ಅನುಮತಿಯನ್ನು 700ಕ್ಕೆ, ಅಂದರೆ ನನ್ನ ಖಾತೆಗಷ್ಟೇ ಪ್ರವೇಶವಿರುವಂತೆ, ಇಳಿಸಿದೆ. ಉಬುಂಟುವಿನಲ್ಲಿ 21.04ರಿಂದ ಹೊಸ ಹೋಮ್ ಫೋಲ್ಡರುಗಳಿಗೆ 750 ಎಂಬ, ಮಾಲೀಕರಿಗೂ ಅವರ ಗುಂಪಿಗೂ ಮಾತ್ರ ಪ್ರವೇಶ ಕೊಡುವ ಅನುಮತಿ ತಾನಾಗಿಯೇ ಸಿಗುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಇತರ ಖಾತೆಗಳೂ ಒಳಗೆ ಇಣುಕಬಹುದಾಗಿತ್ತು. ಹೊಸ ಖಾತೆಯಿಂದ ನನ್ನ ಫೋಲ್ಡರನ್ನು ತೆರೆಯಲು ಹೋದಾಗ ಅನುಮತಿಯಿಲ್ಲವೆಂಬ ಉತ್ತರ ಬಂದ ಮೇಲಷ್ಟೇ ಮುಂದುವರಿದೆ.

ಲಿನಕ್ಸಿನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಎಕ್ಸ್11ರಲ್ಲಿ ಒಂದೇ ಪರದೆಯನ್ನು ಹಂಚಿಕೊಂಡ ಪ್ರೋಗ್ರಾಂಗಳು ಒಂದರ ಕೀಲಿಮಣೆ ಒತ್ತುವಿಕೆಯನ್ನು ಇನ್ನೊಂದು ಗಮನಿಸಬಲ್ಲವು. ಹಾಗಾಗಿ ಹೊಸ ಖಾತೆಯ ಪ್ರೋಗ್ರಾಮನ್ನು ನನ್ನ ಪರದೆಗೆ ಕರೆತರದೆ, ನನ್ನ ಖಾತೆಯಿಂದ ಲಾಗ್ ಔಟ್ ಆಗಿ ಹೊಸ ಖಾತೆಯಲ್ಲೇ ಲಾಗಿನ್ ಆದೆ. ಅಲ್ಲಿ ಪ್ರೋಗ್ರಾಂಗಳನ್ನು ಬೇಲಿಯೊಳಗಿಟ್ಟು ನಡೆಸುವ ಫೈರ್‌ಜೈಲ್ ಮೂಲಕ ನೆಟ್‌ವರ್ಕ್ ಪೂರ್ತಿ ಕಡಿದು ವೈನನ್ನು ನಡೆಸಿದೆ. ನೆಟ್‌ವರ್ಕ್ ಬೇಡುವ ಪ್ರೋಗ್ರಾಂ ಆಗಿದ್ದರೆ, ಅಥವಾ ತಂದುಕೊಟ್ಟವರ ಪರಿಚಯವೂ ಇಲ್ಲದಿದ್ದರೆ, ಹಿಂದಿನ ಸ್ಥಿತಿಗೆ ಮರಳಲು ಸ್ನ್ಯಾಪ್‌ಶಾಟ್ ತೆಗೆದಿಟ್ಟ ವರ್ಚುವಲ್ ಮಷೀನನ್ನೇ (ತಂತ್ರಾಂಶದಲ್ಲಿ ರೂಪಿಸಿದ ಪ್ರತ್ಯೇಕ ಕಂಪ್ಯೂಟರನ್ನೇ) ಆರಿಸುತ್ತಿದ್ದೆ.

ಪ್ರೋಗ್ರಾಂ ತೆರೆದುಕೊಂಡಿತು, ಅಕ್ಷರಗಳು ಕೊಂಚ ಒತ್ತೊತ್ತಾಗಿ ಕಂಡರೂ ಎಕ್ಸ್‌ಪೋರ್ಟ್ ಗುಂಡಿ ಸರಿಯಾಗಿ ಕೆಲಸ ಮಾಡಿತು. ಹೊರಬಂದ ಸಿಎಸ್‌ವಿ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆಯುವ ಮೊದಲು ಪಠ್ಯ ಸಂಪಾದಕದಲ್ಲಿ ನೋಡಿ, ಸ್ಪ್ರೆಡ್‌ಶೀಟ್ ಆಜ್ಞೆಯಂತೆ ನಡೆಸಿಬಿಡಬಹುದಾದ, ಸಮ ಚಿಹ್ನೆಯಿಂದ ಆರಂಭವಾಗುವ ಸೂತ್ರಗಳು ಯಾವ ಅಂಕಣದಲ್ಲೂ ಅಡಗಿಲ್ಲವೆಂದು ಖಚಿತಪಡಿಸಿಕೊಂಡೆ. ಸ್ನೇಹಿತರು ತಮ್ಮ ಹಳೆಯ ಮುದ್ರಿತ ಪಟ್ಟಿಗಳೊಂದಿಗೆ ಮೊತ್ತಗಳನ್ನು ತಾಳೆ ನೋಡಿ ಎಲ್ಲವೂ ಸರಿಯಿದೆಯೆಂದು ತಿಳಿಸಿದರು. ಬಳಿಕ ಆ ಖಾತೆಯ ಹೆಸರಿನಲ್ಲಿ ಹಿನ್ನೆಲೆಯಲ್ಲಿ ಉಳಿದಿದ್ದ ವೈನ್‌ಸರ್ವರ್ ಪ್ರಕ್ರಿಯೆಯನ್ನು ನಿಲ್ಲಿಸಿ, ಖಾತೆಯನ್ನು ಅದರ ಹೋಮ್ ಫೋಲ್ಡರಿನ ಸಮೇತ ಅಳಿಸಿದೆ.