ಲೈನ್ ಕ್ಲಿಯರ್, ಮನೆಯಲ್ಲಿ ನೆಟ್ ಇಲ್ಲ

ಬ್ರಾಡ್‌ಬ್ಯಾಂಡ್ ಫೀಲ್ಡ್‌ನಲ್ಲಿರುವ ನಾವು ಒಂದು ಟಿಕೆಟ್, ಅಂದರೆ ಗ್ರಾಹಕರ ದೂರು, ಕ್ಲೋಸ್ ಮಾಡಬೇಕಾದರೆ ಆ್ಯಪ್‌ನಲ್ಲಿ ಎರಡು ಫೋಟೊ ಹಾಕಬೇಕು. ಒಂದು, ಫೈಬರ್‌ನಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್‌ನ ರೀಡಿಂಗ್, ಇನ್ನೊಂದು ಕೇಬಲ್ ಹಾಕಿ ಮಾಡಿದ ಸ್ಪೀಡ್ ಟೆಸ್ಟ್. ಎರಡೂ ಸರಿಯಿದ್ದರೆ ಕೆಲಸ ಮುಗಿಯಿತು. ಗ್ರಾಹಕರ ಫೋನ್ ಕೈಗೆ ತೆಗೆದುಕೊಂಡು ನೋಡಿದಿರಾ ಎಂದು ಆ ಆ್ಯಪ್ ಎಲ್ಲೂ ಕೇಳುವುದಿಲ್ಲ. ಈ ಪದ್ಧತಿಯಿಂದ ಎಂಥ ಅನ್ಯಾಯ ಆಗಬಹುದು ಎಂದು ನನಗೆ ಗೊತ್ತಾಗಿದ್ದು ಒಂದು ಮನೆಯಲ್ಲಿ. ಅಲ್ಲಿ ಎರಡೂ ಫೋಟೊ ಪ್ರತಿ ಸಲವೂ ಚೆನ್ನಾಗಿಯೇ ಬಂದವು. ನೆಟ್ ಮಾತ್ರ ಬರಲಿಲ್ಲ.

ಎರಡು ಅಂತಸ್ತಿನ ಮನೆ. ಕೆಳಗೆ ಹಾಲ್‌ನಲ್ಲಿ ಫೈಬರ್ ಲೈನ್ ಬಂದು ಸೇರುವ ನಮ್ಮ ಪೆಟ್ಟಿಗೆ, ಅಂದರೆ ಓಎನ್‌ಟಿ, ವೈಫೈ ಅದರಲ್ಲೇ. ಮನೆಯಿಂದಲೇ ಕೆಲಸ ಮಾಡುವ ಒಬ್ಬ ಮೇಡಂ, ಅವರ ವಯಸ್ಸಾದ ತಂದೆ. ಕಂಪ್ಲೇಂಟ್ ಹೀಗಿತ್ತು: ವೈಫೈ ಕನೆಕ್ಟ್ ಆಗುತ್ತದೆ, ಇಂಟರ್‌ನೆಟ್ ಬರುವುದಿಲ್ಲ, ಒಮ್ಮೊಮ್ಮೆ ತಾನಾಗಿಯೇ ಸರಿ ಹೋಗುತ್ತದೆ. ಲೈಟ್ ನೋಡಿದೆ, ಲೈನ್ ಸೇರಿದೆ ಎನ್ನುವ ಪಾನ್ ಹಸಿರು, ಸಿಗ್ನಲ್ ಇಲ್ಲ ಎನ್ನುವ ಲಾಸ್ ಆಫ್. ಬೆಳಕಿನ ಪವರ್ ಮೈನಸ್ 21 ಡಿಬಿಎಂ, ಅದಕ್ಕಿಂತ ಏನು ಬೇಕು? ನನ್ನ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದೆ, ಪ್ಲಾನ್‌ನ ಪೂರ್ತಿ ಸ್ಪೀಡ್ ಬಂತು. ಓಎನ್‌ಟಿಗೆ ಸೇರುವ ಸಣ್ಣ ಫೈಬರ್ ಕೇಬಲ್ (ಪ್ಯಾಚ್ ಕಾರ್ಡ್) ಮುಖ ಒರೆಸಿದೆ, ವೈಫೈ ಚಾನೆಲ್ 11ರಿಂದ 1ಕ್ಕೆ ಹಾಕಿದೆ, ಓಎನ್‌ಟಿ ರೀಸ್ಟಾರ್ಟ್ ಮಾಡಿದೆ. ಎಲ್ಲ ಫೋನ್‌ಗಳಲ್ಲೂ ನೆಟ್ ಓಡಿತು. ಕ್ಲೋಸ್.

ಟಿಕೆಟ್ ರಿಪೀಟ್ ಆಗಿ ಬಂತು. ಹೋದೆ. ಮತ್ತೆ ಬಂತು. ರಿಪೀಟ್ ಬಂದರೆ ನಮ್ಮ ಲೆಕ್ಕದಲ್ಲಿ ಕೆಂಪು ಗುರುತು ಬೀಳುತ್ತದೆ, ಟೀಮ್ ಲೀಡರ್ ಫೋನ್ ಮಾಡುತ್ತಾರೆ, "ಏನ್ರೀ ಅದು, ಒಂದು ವೈಫೈ ಸರಿ ಮಾಡೋಕೆ ಎಷ್ಟು ಸಲ ಹೋಗ್ತೀರಿ?" ಎಂದು ಕೇಳುತ್ತಾರೆ. ಆ ಒತ್ತಡದಲ್ಲಿ ಓಎನ್‌ಟಿಯನ್ನೇ ಬದಲಾಯಿಸಿದೆ. ಅಡಾಪ್ಟರ್ ಕೂಡ ಬದಲಾಯಿಸಿದೆ, ಏಕೆಂದರೆ ಮೇಡಂ ಒಂದು ಮಾತು ಹೇಳಿದ್ದರು: "ನೋಡಿ, ಕರೆಂಟ್ ಹೋಗಿ ಬಂದ ಮೇಲೇ ಹೀಗಾಗೋದು." ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಮಾತು ಅದು. ನಾನು ಅದನ್ನು ಅಡಾಪ್ಟರ್ ದೋಷ ಎಂದು ಅರ್ಥ ಮಾಡಿಕೊಂಡೆ.

ಹೊರಡುವಾಗ ಇನ್ನೊಂದು ಮಾತು ಆಡಿದೆ. "ಲೈನ್ ಪಕ್ಕಾ ಇದೆ ಮೇಡಂ, ನಿಮ್ಮ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ವೀಕ್ ಇರಬೇಕು, ಒಮ್ಮೆ ತೋರಿಸಿ."

ಅವರು ತೋರಿಸಿದರು. ಕಾರ್ಡ್ ಬದಲಾಯಿಸಿಕೊಂಡೇ ಬಂದರು.

ಕೊನೆಯ ಸಲ ಹೋದಾಗ ಅವರಿಗೆ ಮುಖ್ಯವಾದ ಒಂದು ಮೀಟಿಂಗ್ ಶುರುವಾಗುವುದರಲ್ಲಿತ್ತು. ಹೊಸ ಕ್ಲೈಂಟ್ ಮುಂದೆ ಅವರೇ ಮಾತಾಡಬೇಕಿತ್ತು. ನಾನು ಬರುವ ಸ್ವಲ್ಪ ಮೊದಲು ಕರೆಂಟ್ ಹೋಗಿ ಬಂದಿತ್ತಂತೆ. ಲ್ಯಾಪ್‌ಟಾಪ್‌ನ ವೈಫೈ ಗುರುತಿನ ಮೇಲೆ ಇಂಟರ್‌ನೆಟ್ ಇಲ್ಲ ಎನ್ನುವ ಚಿಹ್ನೆ. ಫೋನ್‌ನಲ್ಲೂ ಅದೇ. ನನ್ನ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದೆ, ನೆಟ್ ಸರಾಗ. ಮೇಡಂ ಎರಡೂ ಸ್ಕ್ರೀನ್ ನೋಡಿದರು. ಬೈಯಲಿಲ್ಲ. "ಕಾರ್ಡ್ ಹೊಸದು ಹಾಕಿಸಿದೀನಿ. ಈಗ ಏನು ಬದಲಾಯಿಸಲಿ, ಹೇಳಿ" ಎಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಪನಿಯ ನೆಟ್‌ವರ್ಕ್ ನಿಗಾ ಕೇಂದ್ರವಾದ ಎನ್‌ಓಸಿಗೆ ಫೋನ್ ಮಾಡಿದೆ, "ಸೆಷನ್ ಅಪ್ ಇದೆ, ನಮ್ಮ ಕಡೆಯಿಂದ ಕ್ಲಿಯರ್" ಎಂದು ಇಟ್ಟರು. ಸುಮ್ಮನೆ ಓಎನ್‌ಟಿ ರೀಸ್ಟಾರ್ಟ್ ಮಾಡಲು ಕೈ ಹೋಯಿತು. ಮಾಡಿದ್ದರೆ ಆ ಹೊತ್ತಿಗೆ ಸರಿ ಹೋಗುತ್ತಿತ್ತೋ ಏನೋ, ಆದರೆ ಕಾರಣ ಮತ್ತೆ ಮುಚ್ಚಿಹೋಗುತ್ತಿತ್ತು. ಕೈ ಹಿಂದೆ ತೆಗೆದು ಅವರ ಫೋನ್ ಕೇಳಿದೆ. ವೈಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ ಕೆಳಗೆ ಸರಿಸಿದೆ. ಐಪಿ, ಅಂದರೆ ಫೋನಿಗೆ ಸಿಕ್ಕ ವಿಳಾಸ, 192.168.0.104. ಗೇಟ್‌ವೇ, ಅಂದರೆ ಫೋನ್ ಹೊರಗೆ ಹೋಗಲು ಬಳಸುವ ಪೆಟ್ಟಿಗೆಯ ವಿಳಾಸ, 192.168.0.1.

ನಮ್ಮ ಓಎನ್‌ಟಿ ಇರುವುದು 192.168.1.1ರಲ್ಲಿ. ಅದು ಕೊಡುವ ವಿಳಾಸವೆಲ್ಲ 192.168.1 ಎಂದೇ ಶುರುವಾಗಬೇಕು. ಸೊನ್ನೆ ಎಲ್ಲಿಂದ ಬಂತು? ಮನೆಯಲ್ಲಿ ಇನ್ನೊಂದು ಪೆಟ್ಟಿಗೆ ವಿಳಾಸ ಹಂಚುತ್ತಿದೆ ಎಂದಲ್ಲದೆ ಬೇರೆ ಅರ್ಥವೇ ಇಲ್ಲ.

"ಸರ್, ಮೇಲೆ ಇನ್ನೊಂದು ರೂಟರ್ ಇದೆಯಾ?" ಎಂದು ಅವರ ತಂದೆಯನ್ನು ಕೇಳಿದೆ. "ಹಳೇದು ಒಂದು ಇದೆಯಪ್ಪಾ. ಮೇಲಿನ ರೂಮಿಗೆ ಸಿಗ್ನಲ್ ಬರಲ್ಲ ಅಂತ ನಮ್ಮ ಹುಡುಗ ಬಂದಾಗ ಹಾಕಿಕೊಟ್ಟು ಹೋದ" ಎಂದರು. ಮನೆಯೊಳಗಿನ ಕೇಬಲ್ ಹಾಕಲು ಓಎನ್‌ಟಿಯಲ್ಲಿರುವ ಎರಡನೇ ಲ್ಯಾನ್ ಪೋರ್ಟ್‌ನಿಂದ ಬೂದು ಬಣ್ಣದ ಒಂದು ಕೇಬಲ್ ಮಹಡಿಗೆ ಹೋಗಿತ್ತು. ನಾನು ಅದನ್ನು ಮೊದಲ ದಿನವೇ ನೋಡಿದ್ದೆ. ಓಎನ್‌ಟಿ ಬದಲಾಯಿಸುವಾಗ ನನ್ನ ಕೈಯಾರೆ ಬಿಚ್ಚಿ ಮತ್ತೆ ಸಿಕ್ಕಿಸಿದ್ದೆ, ಟಿವಿ ಪೆಟ್ಟಿಗೆಯದು ಇರಬೇಕೆಂದು. ಈಗ ಅದನ್ನು ಎಳೆದೆ, ಮೇಲೆ ಹೋಗಿ ಆ ರೂಟರ್ ಆಫ್ ಮಾಡಿದೆ, ಲ್ಯಾಪ್‌ಟಾಪ್‌ನ ವೈಫೈ ಆಫ್ ಆನ್ ಮಾಡಿಸಿದೆ. 192.168.1.7 ಬಂತು, ನೆಟ್ ಬಂತು. ಅಷ್ಟರಲ್ಲಿ ಮೀಟಿಂಗ್ ಶುರುವಾಗಿತ್ತು. ಮೇಡಂ ಫೋನ್ ಹಾಟ್‌ಸ್ಪಾಟ್‌ನಲ್ಲಿ ಸೇರಿಕೊಂಡು, ನಡುವೆ ಧ್ವನಿ ಕಟ್ಟಾಗಿ, ಆಮೇಲೆ ವೈಫೈಗೆ ಬಂದರು.

ಇದರ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ಹೇಳಲೇಬೇಕು, ಏಕೆಂದರೆ ಎರಡನೇ ರೂಟರ್ ಇರುವ ಯಾವ ಮನೆಯಲ್ಲಾದರೂ ಇದು ಆಗಬಹುದು. ಫೋನ್ ವೈಫೈಗೆ ಸೇರಿದ ತಕ್ಷಣ "ನನಗೊಂದು ವಿಳಾಸ ಕೊಡಿ" ಎಂದು ಇಡೀ ನೆಟ್‌ವರ್ಕ್‌ಗೆ ಕೂಗಿ ಕೇಳುತ್ತದೆ. ಹೀಗೆ ವಿಳಾಸ ಕೇಳಿ ಪಡೆಯುವ ಪದ್ಧತಿಯೇ ಡಿಎಚ್‌ಸಿಪಿ. 1997ರ ಆರ್‌ಎಫ್‌ಸಿ 2131 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲಿ ಬರೆದಿರುವ ಕ್ರಮವೇ ಇವತ್ತಿಗೂ ಆಧಾರ: ಕೇಳುವುದು, ಕೊಡುವೆ ಎನ್ನುವುದು, ಅದೇ ಬೇಕು ಎನ್ನುವುದು, ಆಯಿತು ಎನ್ನುವುದು. ಉತ್ತರ ಕೊಟ್ಟವರು ಯಾರು, ಅವರಿಗೆ ಅಧಿಕಾರ ಇದೆಯೇ ಎಂದು ಫೋನ್ ಪರೀಕ್ಷಿಸುವುದಿಲ್ಲ. ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಹಿಡಿಯುತ್ತದೆ. ದೊಡ್ಡ ಆಫೀಸುಗಳ ಸ್ವಿಚ್‌ಗಳಲ್ಲಿ ಅನಧಿಕೃತ ಉತ್ತರ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಇರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಅಂಥ ಕಾವಲು ಸಾಮಾನ್ಯವಾಗಿ ಇರುವುದಿಲ್ಲ.

ಮೇಲಿನ ರೂಟರ್‌ಗೆ ಕೇಬಲ್ ಹಾಕಿದ್ದು ಲ್ಯಾನ್ ಪೋರ್ಟ್‌ಗೆ. ಹಾಗೆ ಹಾಕುವುದು ತಪ್ಪಲ್ಲ, ಆದರೆ ಅದರ ಡಿಎಚ್‌ಸಿಪಿ ಆಫ್ ಮಾಡಿರಲಿಲ್ಲ. ಹೊರಗಿನ ಲೈನ್ ಸೇರಬೇಕಾದ ಅದರ ವ್ಯಾನ್ ಪೋರ್ಟ್ ಖಾಲಿ. ಹಾಗಾಗಿ ಅದು ವಿಳಾಸ ಕೊಟ್ಟು "ಹೊರಗೆ ಹೋಗಲು ನನ್ನ ಹತ್ತಿರ ಬಾ" ಎನ್ನುತ್ತದೆ, ಅದರ ಹತ್ತಿರ ಹೋದರೆ ಹೊರದಾರಿಯೇ ಇಲ್ಲ. ಕೆಳಗಿನ ವೈಫೈಗೆ ಸೇರಿದ ಫೋನ್‌ಗೂ ಮೇಲಿನ ಪೆಟ್ಟಿಗೆ ಉತ್ತರ ಕೊಡಬಹುದು, ಕೇಬಲ್ ಎರಡನ್ನೂ ಒಂದೇ ನೆಟ್‌ವರ್ಕ್ ಮಾಡಿರುತ್ತದೆ. ಕರೆಂಟ್ ಹೋಗಿ ಬಂದಾಗ ಹಳೆಯ ಚಿಕ್ಕ ರೂಟರ್ ಬೇಗ ಏಳುತ್ತಿತ್ತು, ಓಎನ್‌ಟಿ ನಿಧಾನ. ಎಲ್ಲ ಫೋನ್‌ಗಳೂ ಮೊದಲು ಎದ್ದ ಪೆಟ್ಟಿಗೆಯ ವಿಳಾಸ ಹಿಡಿದುಕೊಳ್ಳುತ್ತಿದ್ದವು. ಮೇಡಂ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು.

ತಾನಾಗಿಯೇ ಸರಿ ಹೋಗುವುದಕ್ಕೂ ಕಾರಣವಿದೆ. ವಿಳಾಸ ಶಾಶ್ವತವಲ್ಲ, ಅವಧಿಗೆ ಕೊಡುವಂಥದ್ದು. ಫೋನ್ ಹೊರಗೆ ಹೋಗಿ ಬಂದಾಗಲೋ ಅವಧಿ ಮುಗಿದಾಗಲೋ ಹೊಸದಾಗಿ ಕೇಳುತ್ತದೆ, ಆಗ ಓಎನ್‌ಟಿ ಮುಂದಾದರೆ ನೆಟ್ ಬರುತ್ತದೆ. ಅವಧಿ 24 ಗಂಟೆ ಇಟ್ಟಿದ್ದರೆ, ಅರ್ಧ ಅವಧಿಗೆ ಅಂದರೆ 12 ಗಂಟೆಗೆ ನವೀಕರಣ ಕೇಳುವಾಗ ಕೊಟ್ಟವರನ್ನೇ ಕೇಳುತ್ತದೆ. ಹಾಗಾಗಿ ಒಮ್ಮೆ ತಪ್ಪು ಪೆಟ್ಟಿಗೆ ಹಿಡಿದ ಫೋನ್ ಮನೆಯಲ್ಲೇ ಇದ್ದರೆ ಅದನ್ನೇ ಹಿಡಿದುಕೊಂಡಿರುತ್ತದೆ. ತಂದೆಯ ಫೋನ್ ಯಾವಾಗಲೂ ಹಾಳು, ಹೊರಗೆ ಓಡಾಡುವವರ ಫೋನ್ ಒಮ್ಮೊಮ್ಮೆ ಮಾತ್ರ ಹಾಳು ಎನ್ನುವುದು ಇದರಿಂದಲೇ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ಏಕೆ ಕಾಣಲಿಲ್ಲ? ಓಎನ್‌ಟಿ ಪೇಜ್ ಬೇಗ ತೆರೆಯಲಿ ಎಂದು ನಾವೆಲ್ಲ ಲ್ಯಾನ್ ಕಾರ್ಡ್‌ಗೆ 192.168.1ರ ಒಂದು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಹಾಕಿಟ್ಟಿರುತ್ತೇವೆ. ಅಂದರೆ ನನ್ನ ಯಂತ್ರ ಡಿಎಚ್‌ಸಿಪಿ ಕೇಳುವುದೇ ಇಲ್ಲ. ಗ್ರಾಹಕರು ಎಡವುವ ಮೆಟ್ಟಿಲನ್ನೇ ನಾನು ಹಾರಿಕೊಂಡು ಹೋಗಿ "ದಾರಿ ಚೆನ್ನಾಗಿದೆ" ಎನ್ನುತ್ತಿದ್ದೆ. ಕಂಪನಿ ಕೇಳುವ ಸ್ಪೀಡ್ ಟೆಸ್ಟ್ ಫೋಟೊ ತೋರಿಸುವುದು ಓಎನ್‌ಟಿವರೆಗಿನ ಲೈನನ್ನು ಮಾತ್ರ. ಜನ ದುಡ್ಡು ಕೊಡುವುದು ಫೋನಿನವರೆಗೆ ಬರುವ ನೆಟ್‌ಗೆ.

ಸುತ್ತಲಿನ ವೈಫೈಗಳನ್ನು ಪಟ್ಟಿ ಮಾಡಿ ತೋರಿಸುವ ವೈಫೈ ಅನಲೈಜರ್‌ನಲ್ಲೂ ಸುಳಿವು ಇತ್ತು. ಒಂದೇ ಹೆಸರು ಎರಡು ಸಾಲಿನಲ್ಲಿ ಕಾಣುತ್ತಿತ್ತು, ಓಎನ್‌ಟಿಯದೇ 2.4 ಮತ್ತು 5 ಗಿಗಾಹರ್ಟ್ಸ್ ಎಂದುಕೊಂಡೆ. ಹುಡುಗ ಮೇಲಿನ ರೂಟರ್‌ಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟಿದ್ದ. ಚಾನೆಲ್ ನಂಬರ್ ನೋಡಿದ್ದರೆ ಎರಡೂ 2.4ರಲ್ಲೇ ಇವೆ ಎಂದು ಗೊತ್ತಾಗುತ್ತಿತ್ತು. ಪ್ರತಿ ಯಂತ್ರದ ಗುರುತಾದ ಮ್ಯಾಕ್ ವಿಳಾಸದ ಮೊದಲ ಆರು ಅಂಕೆ ಅಕ್ಷರಗಳು ತಯಾರಕರನ್ನು ಸೂಚಿಸುತ್ತವೆ, ಅವೂ ಬೇರೆ ಬೇರೆ ಇದ್ದವು.

ಈಗ ನಾನು ಯಾವುದೇ ಸ್ಕ್ರೂ ಬಿಚ್ಚುವ ಮುಂಚೆ ಗ್ರಾಹಕರ ಫೋನಿನಲ್ಲಿ ಗೇಟ್‌ವೇ ನೋಡುತ್ತೇನೆ. ವಿಂಡೋಸ್ ಆದರೆ ಐಪಿಕಾನ್ಫಿಗ್ ಆಲ್ ಎಂಬ ಕಮಾಂಡ್ ಕೊಟ್ಟು ಡಿಎಚ್‌ಸಿಪಿ ಸರ್ವರ್ ಸಾಲು ನೋಡುತ್ತೇನೆ. ವಿಳಾಸ 169.254 ಎಂದು ಶುರುವಾದರೆ ಯಾರೂ ಉತ್ತರ ಕೊಟ್ಟಿಲ್ಲ, ಅದು ಬೇರೆ ಕಥೆ. ಒಂದು ಎಚ್ಚರಿಕೆ: ಹಳೆಯ ರೂಟರ್ ಕೂಡ 192.168.1.1ರಲ್ಲೇ ಇದ್ದರೆ ಗೇಟ್‌ವೇ ಸರಿಯಾಗಿಯೇ ಕಾಣುತ್ತದೆ, ಎರಡು ಪೆಟ್ಟಿಗೆಗೆ ಒಂದೇ ವಿಳಾಸವಾಗಿ ಇನ್ನೂ ಗೋಜಲು. ಆಗ ಓಎನ್‌ಟಿಯ ಲ್ಯಾನ್ ಕೇಬಲ್‌ಗಳನ್ನೆಲ್ಲ ತೆಗೆದು ಒಂದೊಂದೇ ಹಾಕಿ ನೋಡಬೇಕು. ಸಿಗ್ನಲ್ ವಿಷಯ ಆಮೇಲೆ. ವೈಫೈ ಸಿಗ್ನಲ್ ಬಲ ಮೈನಸ್ 67 ಡಿಬಿಎಂಗಿಂತ ಕೆಳಗೆ ಹೋದರೆ ವಿಡಿಯೊ ಕಾಲ್ ಒದ್ದಾಡಬಹುದು ಎನ್ನುವುದು ನಿಜ, ಆದರೆ ಫುಲ್ ಸಿಗ್ನಲ್ ಇದ್ದು ನೆಟ್ ಇಲ್ಲ ಎಂದರೆ ಜಾಗ ಬದಲಾಯಿಸಿ ಪ್ರಯೋಜನವಿಲ್ಲ.

ಹಳೆಯ ರೂಟರ್ ಇಟ್ಟುಕೊಳ್ಳಬಾರದು ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೇಬಲ್ ಎಳೆದು ಹಾಕಿದ ಎರಡನೇ ರೂಟರ್ ಅಗ್ಗದ ರಿಪೀಟರ್‌ಗಿಂತ ಎಷ್ಟೋ ಮೇಲು. ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಆ ಮನೆಯಲ್ಲೂ ಆಮೇಲೆ ಅದನ್ನೇ ಸರಿಯಾಗಿ ಹಾಕಿಕೊಟ್ಟೆ. ಮೊದಲು ರೂಟರನ್ನು ಓಎನ್‌ಟಿಯಿಂದ ಬಿಚ್ಚಿ ಲ್ಯಾಪ್‌ಟಾಪ್‌ಗೆ ಮಾತ್ರ ಹಾಕಿ, ಸ್ಟ್ಯಾಟಿಕ್ ಐಪಿ ತೆಗೆದು, ಅದರ ಪೇಜ್ ತೆರೆದೆ. ಲ್ಯಾನ್ ಐಪಿ 192.168.1.2 ಮಾಡಿದೆ, ಓಎನ್‌ಟಿ ಹಂಚುವ ಸಾಲಿನಿಂದ ಆ ಸಂಖ್ಯೆ ಹೊರಗಿರುವಂತೆ ನೋಡಿಕೊಂಡೆ. ಡಿಎಚ್‌ಸಿಪಿ ಆಫ್. ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಕೂಡ ಆಫ್, ಅದರ ಎಂಟಂಕಿ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವ ದೋಷ 2011ರಲ್ಲೇ ಬಯಲಾಗಿದೆ, ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಅದು ಒಡೆಯುತ್ತದೆ. ಕೆಳಗೆ ಚಾನೆಲ್ 1, ಮೇಲೆ 11. ಹೆಸರು, ಪಾಸ್‌ವರ್ಡ್ ಒಂದೇ ಇದ್ದರೂ ಪರವಾಗಿಲ್ಲ, ಫೋನ್ ಮೆಟ್ಟಿಲು ಹತ್ತುವಾಗ ತಾನೇ ಬದಲಾಗುತ್ತದೆ. ಕೊನೆಗೆ ಲ್ಯಾನ್‌ನಿಂದ ಲ್ಯಾನ್‌ಗೆ ಕೇಬಲ್. ಮೆನುವಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇರುವ ರೂಟರ್ ಆದರೆ ಇದರಲ್ಲಿ ಹೆಚ್ಚಿನದನ್ನು ಅದೇ ಮಾಡಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿದೆ. ಎರಡೂ ಪೆಟ್ಟಿಗೆ ಏಳುವವರೆಗೆ ಕಾದು, ತಂದೆಯ ಫೋನಿನಿಂದ ಶುರು ಮಾಡಿ ಮನೆಯ ಪ್ರತಿ ಫೋನಿನ ಗೇಟ್‌ವೇ ನೋಡಿದೆ. ಮೇಡಂಗೆ ನಡೆದದ್ದನ್ನೆಲ್ಲ ವಿವರಿಸಿ, ಕಾರ್ಡ್ ಬದಲಾಯಿಸಲು ಹೇಳಿದ್ದು ತಪ್ಪಾಯಿತು ಎಂದೆ. ಅವರು ಕೇಳಿದ್ದು ಒಂದೇ, "ಮತ್ತೆ ಹೀಗಾದರೆ ನಾನೇ ಎಲ್ಲಿ ನೋಡಬೇಕು?" ಗೇಟ್‌ವೇ ಸಾಲು ತೋರಿಸಿಕೊಟ್ಟೆ.

ಇನ್ನು ಮೇಲಿನ ರೂಟರ್‌ನ ಹಿಂದಿರುವ ಸಣ್ಣ ರೀಸೆಟ್ ತೂತು. ನೆಟ್ ನಿಧಾನವಾಯಿತೆಂದು ಯಾರಾದರೂ ಅದರಲ್ಲಿ ಪಿನ್ ಒತ್ತಿದರೆ ಹಳೆಯ ಸೆಟ್ಟಿಂಗ್ ಎಲ್ಲ ಮರಳಿ ಬಂದು ಡಿಎಚ್‌ಸಿಪಿ ಮತ್ತೆ ಆನ್ ಆಗುತ್ತದೆ. ಅದಕ್ಕೆ ಬಿಳಿ ಟೇಪ್ ಅಂಟಿಸಿ, ಮಾರ್ಕರ್‌ನಲ್ಲಿ "192.168.1.2, ರೀಸೆಟ್ ಒತ್ತಬೇಡಿ" ಎಂದು ಬರೆದು ಬಂದೆ. ನಮ್ಮ ಟೀಮ್‌ನ ಹೊಸ ಹುಡುಗರ ಬ್ಯಾಗಿನಲ್ಲೂ ಈಗ ಒಂದು ಟೇಪ್ ಸುರುಳಿ, ಒಂದು ಮಾರ್ಕರ್ ಹಾಕಿಸಿದ್ದೇನೆ.