ಸುಣ್ಣದ ಗೆರೆ

2000ನೇ ಇಸವಿ ಸೆಪ್ಟೆಂಬರ್ 26, ಮಂಗಳವಾರ. ನಾನಾಗ ಒಂಬತ್ತನೇ ಕ್ಲಾಸು. ಪ್ರಾರ್ಥನೆ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ಓಟದ ಹುಡುಗಿಯರನ್ನು ಮಾತ್ರ ನಿಲ್ಲಿಸಿಕೊಂಡರು. ಕೈಯಲ್ಲಿ ಅವತ್ತಿನ ಪೇಪರ್. ಸಿಡ್ನಿ ಒಲಿಂಪಿಕ್ಸಿನಲ್ಲಿ ಹಿಂದಿನ ದಿನ 400 ಮೀಟರ್ ಗೆದ್ದ ಕ್ಯಾಥಿ ಫ್ರೀಮನ್ ಫೋಟೊ ದೊಡ್ಡದಾಗಿ ಬಂದಿತ್ತು. ಮೇಷ್ಟ್ರ ಬೆರಳು ಮಾತ್ರ ಕೆಳಗಿನ ಸಣ್ಣ ಸುದ್ದಿಯ ಮೇಲಿತ್ತು.

"ಮರಿಯಾ ಮುಟೋಲಾ. ಮೊಜಾಂಬಿಕ್‌ನವಳು. 800 ಮೀಟರ್, 1 ನಿಮಿಷ 56.15 ಸೆಕೆಂಡ್. ಇದು ಅವಳ ನಾಲ್ಕನೇ ಒಲಿಂಪಿಕ್ಸ್ ಕಣ್ರಮ್ಮಾ. ಆ ದೇಶಕ್ಕೆ ಮೊದಲನೇ ಚಿನ್ನ!"

ಹಿಂದಿನ ವಾರವಷ್ಟೇ ತಾಲೂಕು ಕ್ರೀಡಾಕೂಟದ 800 ಮೀಟರ್‌ನಲ್ಲಿ ಗೆರೆ ತುಳಿದೆ ಅಂತ ನನ್ನನ್ನು ಹೊರಗಿಟ್ಟಿದ್ದರು. ಇನ್ನು ಓಡೋದೇ ಇಲ್ಲ ಅಂತ ಅತ್ತಿದ್ದೆ. ಮೇಷ್ಟ್ರು ಆ ಮಾತೇ ಎತ್ತಲಿಲ್ಲ. ಸುಣ್ಣದ ಬಕೆಟ್ ಕೈಗಿಟ್ಟು, "ನೀನೇ ಗೆರೆ ಹಾಕು" ಅಂದರು. ನಮ್ಮದು 200 ಮೀಟರಿನ ಮೈದಾನ. ಅರ್ಧ ದಿನ ಬಗ್ಗಿ ಗೆರೆ ಎಳೆದೆ. ಸಂಜೆ ಅದರ ಮೇಲೇ ನಾಲ್ಕು ಸುತ್ತು ಓಡಿದೆ.

2014ರಲ್ಲಿ ನಮ್ಮ ಮನೆಯವರ ಕೆಲಸದಿಂದಾಗಿ ಎರಡು ವರ್ಷ ಮೊಜಾಂಬಿಕ್‌ನ ರಾಜಧಾನಿ ಮಪುಟೊದಲ್ಲಿ ಇರುವ ಹಾಗಾಯಿತು. ಮೊಜಾಂಬಿಕ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ ಹೆಸರು. ಯಾರು ಸಿಕ್ಕರೂ ಮುಟೋಲಾ ಬಗ್ಗೆ ಕೇಳುತ್ತಿದ್ದೆ.

ಆಕೆ ಹುಟ್ಟಿದ್ದು 1972ರಲ್ಲಿ, ಮಪುಟೊದ ಶಾಮನ್‌ಕುಲೊ ಎಂಬ ಬಡವರ ಬಡಾವಣೆಯಲ್ಲಿ. ಚಿಕ್ಕವಳಿದ್ದಾಗ ಫುಟ್‌ಬಾಲ್ ಹುಚ್ಚು. ಗಂಡುಹುಡುಗರ ತಂಡದಲ್ಲಿ ಆಡುತ್ತಿದ್ದಳು. ಹುಡುಗಿ ಹೇಗೆ ಆಡ್ತಾಳೆ ಅಂತ ಎದುರು ತಂಡದವರು ತಕರಾರು ತೆಗೆದರು. ಈ ಸುದ್ದಿ ಜೋಸೆ ಕ್ರಾವೈರಿನ್ಯಾ ಅವರ ಕಿವಿಗೆ ಬಿತ್ತು. ಅವರು ಆ ದೇಶದ ದೊಡ್ಡ ಕವಿ, ಪತ್ರಕರ್ತ. ಆ ದೇಶವನ್ನು ಪೋರ್ಚುಗೀಸರು ಆಳುತ್ತಿದ್ದ ಕಾಲದಲ್ಲಿ ಜೈಲು ಕಂಡವರು. 1991ರಲ್ಲಿ ಪೋರ್ಚುಗೀಸ್ ಸಾಹಿತ್ಯದ ದೊಡ್ಡ ಪ್ರಶಸ್ತಿಯಾದ ಕಮೋಯಿಂಶ್ ಬಂದಾಗ, ಅದನ್ನು ಪಡೆದ ಮೊದಲ ಆಫ್ರಿಕದ ಲೇಖಕ ಅವರೇ. ಅಂಥವರು ಈ ಹುಡುಗಿಗೆ, "ಓಡು" ಅಂದರು. ತರಬೇತಿ ಕೊಟ್ಟಿದ್ದು ಅವರ ಮಗ. ಮೊದಮೊದಲು ಹುಡುಗಿಗೆ ಓಟ ಹಿಡಿಸಲೇ ಇಲ್ಲವಂತೆ. ಆದರೂ 1988ರಲ್ಲಿ, ಇನ್ನೂ 15 ವರ್ಷಕ್ಕೆ, ಸೋಲ್ ಒಲಿಂಪಿಕ್ಸಿನಲ್ಲಿ ಓಡಿದಳು.

ಇದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮುಟೋಲಾ ಹಿಂದೆಯೂ ಒಬ್ಬ ಮೇಷ್ಟ್ರು ಇದ್ದರಲ್ವಾ!

ಮಫಲಾಲ ಎಂಬ ಬಡಾವಣೆಗೆ ಎರಡು ಮೂರು ಸಲ ಹೋದೆ. ಮರದ ಹಲಗೆ, ತಗಡಿನ ಮನೆಗಳು. ಇಲ್ಲೇ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಬೆಳೆದವರು ಯೂಸೆಬಿಯೊ. 1966ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಪರವಾಗಿ ಒಂಬತ್ತು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸಮೋರಾ ಮಶೆಲ್ ಕೂಡ ಇಲ್ಲಿ ಇದ್ದವರೇ. ಚಿತ್ರಕಾರ ಮಲಂಗತಾನಾ ಅವರ ಕಥೆಯೂ ನನಗೆ ತುಂಬಾ ಹಿಡಿಸಿತು. ಟೆನಿಸ್ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗನಂತೆ. ಆಮೇಲೆ ಕ್ರಾವೈರಿನ್ಯಾ ಜೊತೆ ಜೈಲಿನಲ್ಲೂ ಇದ್ದರು.

ಒಂದು ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಆಗಲೇ ರಿಟೈರ್ ಆಗಿದ್ದರು. ಕವಿಯ ಕಥೆಯನ್ನೆಲ್ಲ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಹೇಳಿದೆ, "ಸಾರ್, 1995ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಗೆರೆ ತುಳಿದರು ಅಂತ ಮುಟೋಲಾ ಅವರನ್ನೂ ಹೊರಗಿಟ್ಟಿದ್ದರು."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಆಮೇಲೆ?"

"ಅದೇ ತಿಂಗಳು ಬ್ರಸೆಲ್ಸ್‌ನಲ್ಲಿ 1000 ಮೀಟರ್ ವಿಶ್ವದಾಖಲೆ ಮಾಡಿದರು ಸಾರ್. 2 ನಿಮಿಷ 29.34 ಸೆಕೆಂಡ್."

"ತಡಿಯಮ್ಮಾ, ಪೆನ್ನು ತಗೋತೀನಿ. ಇನ್ನೊಂದ್ಸಲ ಹೇಳು."